ನಡುವೆ ಎದ್ದು ಬರುವ ದಾರಿ ಇರಲಿ

ಆಪ್‌ನಲ್ಲಿ ಪರಿಚಯವಾದವರ ಜೊತೆ ಪ್ರವಾಸ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಪ್ರಕರಣದಲ್ಲಿ ಹೆಸರು, ವಯಸ್ಸು, ಕೆಲಸ, ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಅವರನ್ನು ಮಾನಸಾ ಎನ್ನೋಣ.

ಮಾನಸಾ ಆಪ್ತಸಮಾಲೋಚನೆಗೆ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಫೋನಿನಲ್ಲಿ ಮೆಸೇಜ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬರೇ ಪ್ರವಾಸ ಹೋಗುವುದು ಅವರಿಗೆ ತುಂಬಾ ಇಷ್ಟವಾಗಿತ್ತು, ಈಗ ಬ್ಯಾಗ್ ನೋಡಿದರೂ ಹಿಂಸೆ. ಮನೆಯವರು "ನಾವು ಆಗಲೇ ಹೇಳಿರಲಿಲ್ವಾ" ಎಂದು ದಿನಕ್ಕೊಮ್ಮೆ ಚುಚ್ಚುತ್ತಿದ್ದರು. "ನಾನೇ ದಡ್ಡಿ ಮೇಡಂ" ಎಂದೇ ಮಾತು ಶುರು ಮಾಡಿದರು.

ಪ್ರವಾಸಿಗರು ಜೊತೆಗಾರರನ್ನು ಹುಡುಕಿಕೊಳ್ಳುವ ಒಂದು ಆಪ್‌ನಲ್ಲಿ ಅವರಿಗೆ ಒಬ್ಬರ ಪರಿಚಯವಾಗಿತ್ತು. ಪ್ರೊಫೈಲಿನಲ್ಲಿ ಪರಿಶೀಲನೆಯಾದ ಗುರುತು ಇತ್ತು, ಮಾತು ನಯವಾಗಿತ್ತು. ಒಂದೆರಡು ದಿನದಲ್ಲೇ ಆತ ಮಾತುಕತೆಯನ್ನು ಆಪ್‌ನಿಂದ ಹೊರಗೆ, ಬೇರೆ ಮೆಸೆಂಜರ್‌ಗೆ ತಂದ. ಜನ ಓಡಾಡುವ ಜಾಗದಲ್ಲಿ ಸಿಗೋಣ ಎಂದಿದ್ದವನು ಕೊನೆಗಳಿಗೆಯಲ್ಲಿ "ನೀವಿರುವಲ್ಲಿಗೇ ಬರುತ್ತೇನೆ" ಎಂದ. ಮರುದಿನ, ಎರಡು ರೂಮು ಯಾಕೆ, ಒಂದೇ ಸಾಕು, ಖರ್ಚು ಉಳಿಯುತ್ತೆ ಎಂದ. ಆಮೇಲೆ ಅವರ ಗುರುತಿನ ಚೀಟಿ "ಭದ್ರವಾಗಿರಲಿ" ಎಂದು ಅವನ ಬ್ಯಾಗಿಗೆ ಹೋಯಿತು. ಅಂದು ರಾತ್ರಿ ಕುಡಿದು ಹತ್ತಿರ ಬಂದಾಗ ಇವರು ಬೇಡ ಎಂದರು. ಆತ ಕಿರುಚಾಡಿದ. ಇವರು ಬಚ್ಚಲಮನೆಯ ಚಿಲಕ ಹಾಕಿಕೊಂಡು ರಿಸೆಪ್ಷನ್‌ಗೆ ಫೋನ್ ಮಾಡಿದರು. ಸಿಬ್ಬಂದಿ ಬಂದು ಚೀಟಿಯನ್ನು ವಾಪಸ್ ಕೊಡಿಸಿ, ಇವರನ್ನು ಬೇರೆ ರೂಮಿಗೆ ಕಳಿಸಿದರು.

ನಾನು ಮೊದಲು ಹೇಳಿದ್ದು ಇದು: ತಪ್ಪು ಮಾಡಿದ್ದು ಆತ. ಚಿಲಕ ಹಾಕಿಕೊಂಡು ಫೋನ್ ಮಾಡಿದವರು ನೀವು. ಅಷ್ಟು ಭಯದಲ್ಲೂ ನಿಮ್ಮ ತಲೆ ಕೆಲಸ ಮಾಡಿದೆ.

ಆಮೇಲೆ ಒಂದು ಹಾಳೆ ಕೊಟ್ಟು, ಆತ ಕೇಳಿದ್ದನ್ನೆಲ್ಲ ಒಂದರ ಕೆಳಗೊಂದು ಬರೆಯಲು ಹೇಳಿದೆ. ಬರೆಯುತ್ತಾ ಹೋದಂತೆ ಅವರಿಗೇ ಕಂಡಿತು. ಒಂದೊಂದೂ ಸಣ್ಣದು. ಯಾವುದಕ್ಕೂ ಜಗಳ ಆಡುವಂತಿರಲಿಲ್ಲ. ಆದರೆ ಪ್ರತಿ ಸಲವೂ ಎದ್ದು ಹೋಗುವ ಒಂದು ದಾರಿ ಮುಚ್ಚಿಹೋಗಿತ್ತು: ಆಪ್‌ನ ದಾಖಲೆ, ಜನರಿರುವ ಜಾಗ, ಸ್ವಂತ ರೂಮು, ಗುರುತಿನ ಚೀಟಿ. ಸಣ್ಣ ಕೋರಿಕೆಗೆ ಒಪ್ಪಿದವರು ಆಮೇಲಿನ ದೊಡ್ಡ ಕೋರಿಕೆಗೂ ಒಪ್ಪುವ ಸಾಧ್ಯತೆ ಜಾಸ್ತಿ ಎಂದು ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಮನೋವಿಜ್ಞಾನಿಗಳು 1966ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಇದು ದಡ್ಡತನವಲ್ಲ, ಸಾಮಾನ್ಯ ಮನುಷ್ಯರ ಮನಸ್ಸು ಹಾಗೆಯೇ ಇದೆ. ಇದನ್ನು ಕೇಳಿ ಮಾನಸಾ ತುಂಬಾ ಹೊತ್ತು ಅತ್ತರು.

ಮುಂದಿನ ಭೇಟಿಗಳಲ್ಲಿ ನಿದ್ದೆ, ಉಸಿರಾಟದ ಅಭ್ಯಾಸ, ಮನೆಯವರ ಜೊತೆ ಮಾತು, ಇವೆಲ್ಲ ನಡೆದವು. "ಮತ್ತೆ ಪ್ರವಾಸ ಹೋಗಬೇಕು" ಎಂದು ಅವರೇ ಹೇಳಿದ ಮೇಲೆ ಸುರಕ್ಷತೆಯ ಯೋಜನೆ ಮಾಡಿದೆವು.

ಪರಿಶೀಲನೆಯ ಗುರುತು ಸಾಮಾನ್ಯವಾಗಿ ಫೋಟೋ ಅಥವಾ ಫೋನ್ ನಂಬರ್ ಆ ವ್ಯಕ್ತಿಯದೇ ಎಂದಷ್ಟೇ ಹೇಳುತ್ತದೆ. ನಡತೆಯ ಬಗ್ಗೆ ಏನೂ ಹೇಳುವುದಿಲ್ಲ. ಹಾಗಾಗಿ ಸಿಗುವ ಮೊದಲು ಒಂದು ವಿಡಿಯೋ ಕಾಲ್ ಆಗಲೇಬೇಕು. ಪ್ರೊಫೈಲ್ ಫೋಟೋ ಬೇರೆ ಯಾರ ಹೆಸರಲ್ಲಾದರೂ ಇದೆಯೇ ಎಂದು ಇಮೇಜ್ ಸರ್ಚ್‌ನಲ್ಲಿ ನೋಡಬೇಕು. ಮಾತುಕತೆ ಆಪ್ ಒಳಗೇ ಇರಲಿ. ಮೊದಲ ಭೇಟಿ ಹಗಲಲ್ಲಿ, ಜನರ ನಡುವೆ. ನಿರ್ಜನ ಕಾಡುದಾರಿಯ ಚಾರಣ ಮೊದಲ ದಿನಕ್ಕೆ ಬೇಡ. ಎಲ್ಲಿ ಉಳಿದಿದ್ದೀರಿ ಎಂಬುದನ್ನು ಹೇಳುವ ಅಗತ್ಯವೇ ಇಲ್ಲ. ರೂಮು, ವಾಪಸ್ ಬರುವ ಹಣ, ಗುರುತಿನ ಚೀಟಿ ನಿಮ್ಮ ಕೈಯಲ್ಲೇ ಇರಲಿ. ಕುಡಿಯುವ ಲೋಟ ಬಿಟ್ಟು ಎದ್ದು ಹೋಗಿದ್ದರೆ, ಬಂದು ಅದನ್ನು ಮತ್ತೆ ಮುಟ್ಟಬೇಡಿ.

ನಂಬಿಕೆಯ ಒಬ್ಬರಿಗೆ ಪ್ರೊಫೈಲಿನ ಸ್ಕ್ರೀನ್‌ಶಾಟ್, ಸಿಗುವ ಜಾಗ, ಮತ್ತೆ ಫೋನ್ ಮಾಡುವ ಸಮಯ ಗೊತ್ತಿರಬೇಕು. ಆ ಸಮಯಕ್ಕೆ ಫೋನ್ ಬರದಿದ್ದರೆ ಅವರು ಏನು ಮಾಡಬೇಕು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ವಾಟ್ಸಾಪ್‌ನ ಲೈವ್ ಲೊಕೇಶನ್ ಹೆಚ್ಚೆಂದರೆ 8 ಗಂಟೆ ಇರುತ್ತದೆ, ಆಮೇಲೆ ಮತ್ತೆ ಕಳಿಸಬೇಕು. ಇದನ್ನು ಮರೆಯುವವರು ಜಾಸ್ತಿ. ತುರ್ತು ಸಂಖ್ಯೆ ಭಾರತದಲ್ಲೂ ಯುರೋಪಿನ ಒಕ್ಕೂಟದ ದೇಶಗಳಲ್ಲೂ 112. ಬೇರೆ ಕಡೆ ಹೋಗುವಾಗ ಅಲ್ಲಿನದನ್ನು ಮೊದಲೇ ನೋಡಿಟ್ಟುಕೊಳ್ಳಿ.

ಆದರೆ ಇದೆಲ್ಲ ಗೊತ್ತಿದ್ದೂ ಜನ ಸಿಕ್ಕಿಕೊಳ್ಳುತ್ತಾರೆ, ಅಲ್ವಾ? ಕಾರಣ ದಾಕ್ಷಿಣ್ಯ. "ಅವರಿಗೆ ಬೇಜಾರಾದರೆ?" ಎಂಬ ಯೋಚನೆ. ಮಾನಸಾ ಜೊತೆ ನಾನು ಹೆಚ್ಚು ಸಮಯ ಕೊಟ್ಟದ್ದು ಇದಕ್ಕೇ. ನಾನು ಆ ಜೊತೆಗಾರನ ಪಾತ್ರ ಮಾಡಿದೆ, ಅವರು ಬೇಡ ಎನ್ನಬೇಕು. ಮೊದಮೊದಲು ಅವರು ಕಾರಣ ಕೊಡುತ್ತಿದ್ದರು: ಸುಸ್ತಾಗಿದೆ, ತಲೆನೋವು. ನಾನು ಒಂದೊಂದಕ್ಕೂ ಪರಿಹಾರ ಹೇಳುತ್ತಿದ್ದೆ, ಅವರು ಸೋತು ಸುಮ್ಮನಾಗುತ್ತಿದ್ದರು. ಕಾರಣ ಕೊಟ್ಟರೆ ವಾದಕ್ಕೆ ಜಾಗ ಕೊಟ್ಟ ಹಾಗೆ. ಕೊನೆಗೆ ಒಂದು ಮಾತನ್ನು ಅವರೇ ಆರಿಸಿಕೊಂಡರು: "ನನಗೆ ಇದು ಬೇಡ, ನಾನು ಹೊರಡ್ತೀನಿ." ಅದನ್ನೇ ಗಟ್ಟಿಯಾಗಿ, ನಿಂತುಕೊಂಡು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮತ್ತೆ ಮತ್ತೆ ಹೇಳಿಸಿದೆ. ಎದುರಿನವರು ಒಳ್ಳೆಯವರಾದರೆ ಒಂದು ಗಳಿಗೆ ಬೇಜಾರಾಗಬಹುದು, ಆದರೆ ತಡೆಯುವುದಿಲ್ಲ. ಎದುರಿನವರೇ ಸಿಟ್ಟಾಗುವ ಅಪಾಯ ಕಂಡರೆ ಮಾತ್ರ ಬೇರೆ ದಾರಿ: ಸುಳ್ಳು ಹೇಳಿಯಾದರೂ ಸರಿ, ಜನರಿರುವಲ್ಲಿಗೆ ಹೋಗಿ, ಸಹಾಯ ಕೇಳಿ.

ಮಾನಸಾ ಆಮೇಲೆ ಹಗಲಿನ ಒಂದು ಸಣ್ಣ ಪ್ರವಾಸಕ್ಕೆ ಹೋಗಿ ಬಂದರು. ಆಪ್‌ನಲ್ಲೇ ಸಿಕ್ಕ ಇಬ್ಬರು ಹುಡುಗಿಯರು ಜೊತೆಗಿದ್ದರು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಭೇಟಿಗಳು ಮುಂದುವರಿದಿವೆ. ಆ ವ್ಯಕ್ತಿಯ ಮೆಸೇಜುಗಳನ್ನು ಅಳಿಸಬೇಡಿ ಎಂದಿದ್ದೆ. ಕೆಲವು ಆಪ್‌ಗಳಲ್ಲಿ ಬ್ಲಾಕ್ ಮಾಡಿದರೆ ಹಳೆಯ ಮಾತುಕತೆಯೂ ಕಾಣದಂತಾಗುತ್ತದೆ. ಅದಕ್ಕೇ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಆಪ್‌ಗೆ ದೂರು, ಕೊನೆಗೆ ಬ್ಲಾಕ್. ಅಷ್ಟನ್ನು ಅವರು ಮಾಡಿದ್ದಾರೆ. ಪೊಲೀಸರಿಗೆ ದೂರು ಕೊಡಬೇಕೇ ಎಂದು ಇನ್ನೂ ಯೋಚಿಸುತ್ತಿದ್ದಾರೆ. ಆ ತೀರ್ಮಾನ ಅವರದು. ಹೋಗುವುದಾದರೆ ಜೊತೆಗೆ ಬರುತ್ತೇನೆ ಎಂದು ಹೇಳಿದ್ದೇನೆ.