ಕ್ಯಾಮೆರಾ ಕಣ್ಣು: ಕೆಂಪು ಸೂರ್ಯ ಫೋಟೊದಲ್ಲಿ ಬಿಳಿಯಾಗುವುದೇಕೆ?

ಪ್ರಶ್ನೆ: ಆಗುಂಬೆಯಲ್ಲಿ ಕಣ್ಣಿಗೆ ಕೆಂಪಗೆ ಕಂಡ ಸೂರ್ಯ ಮೊಬೈಲ್ ಫೋಟೊದಲ್ಲಿ ಬಿಳಿ ಚುಕ್ಕೆಯಾಗಿದ್ದಾನೆ. ಆಕಾಶವೂ ತೆಳು ಹಳದಿ. ಒಳ್ಳೆಯ ಮೊಬೈಲ್ ಕೊಳ್ಳಬೇಕೇ? (ತೀರ್ಥಹಳ್ಳಿ)

ಬೇಡ, ಇರುವ ಮೊಬೈಲ್ ಸಾಕು. ಚೌಕಟ್ಟಿನ ಕೆಳಭಾಗದಲ್ಲಿ ಕಪ್ಪು ಕಾಡು, ಮೇಲೆ ಹೊಳೆಯುವ ಆಕಾಶ. ಕ್ಯಾಮೆರಾ ಎರಡರ ಸರಾಸರಿ ತೆಗೆದು ಕಾಡನ್ನೂ ತೋರಿಸಲು ಹೊರಡುತ್ತದೆ. ಆಗ ಆಕಾಶಕ್ಕೆ ಬೆಳಕು ಅತಿಯಾಗಿ ಬಣ್ಣವೇ ಉಳಿಯುವುದಿಲ್ಲ. ಪರದೆಯಲ್ಲಿ ಸೂರ್ಯನ ಮೇಲಲ್ಲ, ಅವನ ಪಕ್ಕದ ಆಕಾಶದ ಮೇಲೆ ಬೆರಳನ್ನು ಎರಡು ಸೆಕೆಂಡ್ ಒತ್ತಿ ಹಿಡಿಯಿರಿ. ಲಾಕ್ ಆದ ಗುರುತು ಕಾಣುತ್ತದೆ. ಆಮೇಲೆ ಬೆಳಕಿನ ಗುರುತನ್ನು ಕೆಳಗೆ ಎಳೆಯುತ್ತ ಹೋಗಿ, ಮೋಡದ ಅಂಚುಗಳು ಬಿಡಿಬಿಡಿಯಾಗಿ ಕಂಡಾಗ ನಿಲ್ಲಿಸಿ. ಕಾಡು ಪೂರ್ತಿ ಕಪ್ಪಾದರೆ ಆಗಲಿ ಬಿಡಿ. ಕ್ಯಾಮೆರಾ ಇರುವವರು ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಫೋಟೊದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ರಿಂದ ಮೈನಸ್ 2ರವರೆಗೆ ಇಳಿಸಿ ನೋಡಬೇಕು.

ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಇನ್ನೊಂದು ನಷ್ಟ. ಸಂಜೆಯ ಕಿತ್ತಳೆ ಬಣ್ಣವನ್ನು ಕ್ಯಾಮೆರಾ ದೋಷವೆಂದು ತಿಳಿದು ನೀಲಿ ಬೆರೆಸಿ ‘ಸರಿಪಡಿಸುತ್ತದೆ’. ಪ್ರೊ ಮೋಡ್‌ಗೆ ಹೋಗಿ ಅದನ್ನು ಡೇಲೈಟ್‌ಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಡಿ. ಇನ್ನಷ್ಟು ಕೆಂಪು ಬೇಕಿದ್ದರೆ 6500. ಅದಕ್ಕೂ ಮೇಲೆ ಹೋದರೆ ಮೋಡ, ನೀರು, ಮರಳು ಎಲ್ಲಕ್ಕೂ ಒಂದೇ ಬಣ್ಣ ಬಳಿದಂತಾಗುತ್ತದೆ.

ಸೂರ್ಯನ ಸುತ್ತ ಗಡುಸಾದ ಹಳದಿ ವೃತ್ತ ಬಂದಿದ್ದರೆ ಕೆಂಪು ಬಣ್ಣ ಮಿತಿ ಮುಟ್ಟಿದೆ ಎಂದರ್ಥ. ಕೆಂಪು ತುಂಬಿ ನಿಂತ ಮೇಲೂ ಹಸಿರು ಏರುತ್ತಲೇ ಇರುತ್ತದೆ. ಕೆಂಪು, ಹಸಿರು ಸೇರಿದರೆ ಹಳದಿ. ಆದ್ದರಿಂದ ಹಿಸ್ಟೋಗ್ರಾಂ (ಫೋಟೊದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡುವಾಗ ಬಿಳಿ ಗ್ರಾಫ್ ಒಂದನ್ನೇ ನಂಬಬೇಡಿ. ಮೂರು ಬಣ್ಣಗಳ ಗ್ರಾಫ್ ತೆರೆದು, ಕೆಂಪು ಬಲಗಡೆಯ ಅಂಚಿಗೆ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಕೆರೆ ಏರಿಯ ಮೇಲೆ ನಡೆಯುವ ರೈತನ ಹಿಂದೆ ದೊಡ್ಡ ಸೂರ್ಯ ಬರುವಂತೆ ತೆಗೆಯುವುದು ಹೇಗೆ? ನನ್ನ ಫೋಟೊಗಳಲ್ಲಿ ಸೂರ್ಯ ತೀರಾ ಚಿಕ್ಕವನು. (ತುಮಕೂರು)

ಇಂಥ ಫೋಟೊದ ಗುಟ್ಟು ನೀವು ಎಲ್ಲಿ ನಿಲ್ಲುತ್ತೀರಿ ಎಂಬುದರಲ್ಲಿದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ, ಅದು ಬದಲಾಗುವುದಿಲ್ಲ. ವ್ಯಕ್ತಿ ಮಾತ್ರ ದೂರ ಹೋದಷ್ಟೂ ಚಿಕ್ಕವನಾಗುತ್ತಾನೆ. ಲೆಕ್ಕ ಸುಲಭ: ನಿಮಗೂ ವ್ಯಕ್ತಿಗೂ ಇರುವ ದೂರವನ್ನು 108ರಿಂದ ಭಾಗಿಸಿ, ಆ ವ್ಯಕ್ತಿಯ ಪಕ್ಕದಲ್ಲಿ ಸೂರ್ಯ ಅಷ್ಟು ಅಗಲ ಕಾಣುತ್ತಾನೆ. 5 ಮೀಟರ್ ದೂರದಲ್ಲಿ ನಿಂತರೆ ನಾಲ್ಕೂವರೆ ಸೆಂಟಿಮೀಟರ್, ಅಂದರೆ ರೈತನ ಕೈಯಲ್ಲಿ ಹಿಡಿದ ನಿಂಬೆಹಣ್ಣಿನಷ್ಟು. 1.7 ಮೀಟರ್ ಎತ್ತರದ ಮನುಷ್ಯನಿಗೆ ಸರಿಸಮನಾಗಿ ಸೂರ್ಯ ಕಾಣಬೇಕಾದರೆ 185 ಮೀಟರ್ ಹಿಂದೆ ಸರಿಯಲೇಬೇಕು.

ಅಷ್ಟು ದೂರದಿಂದ ಮೊಬೈಲಿನ ಮುಖ್ಯ ಲೆನ್ಸ್ ಸಾಲದು, ಅದರಲ್ಲಿ ಸೂರ್ಯ ಚೌಕಟ್ಟಿನ ಎತ್ತರದ ನೂರನೆಯ ಒಂದು ಪಾಲು ಮಾತ್ರ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 300 ಎಂಎಂ ಲೆನ್ಸ್ ಹಾಕಿದರೆ ಒಂಬತ್ತನೆಯ ಒಂದು ಪಾಲು. ಅದೇ ಲೆನ್ಸನ್ನು ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾಗೆ ಹಾಕಿದರೆ ಹೆಚ್ಚುಕಡಿಮೆ ಆರನೆಯ ಒಂದು ಪಾಲು. ಈ ಕೆಲಸಕ್ಕೆ ಕ್ರಾಪ್ ಸೆನ್ಸರೇ ಲಾಭದ್ದು.

ನೀವು ಏರಿಯ ಪೂರ್ವಕ್ಕೆ, ತಗ್ಗಿನಲ್ಲಿರಬೇಕು. 6 ಮೀಟರ್ ಎತ್ತರದ ಏರಿ 185 ಮೀಟರ್ ದೂರದಿಂದ ದಿಗಂತಕ್ಕಿಂತ ಸುಮಾರು 2 ಡಿಗ್ರಿ ಮೇಲೆ ಕಾಣುತ್ತದೆ. ಸೂರ್ಯ ಒಂದು ಡಿಗ್ರಿ ಇಳಿಯಲು 4 ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಹಾಗಾಗಿ ಪಂಚಾಂಗದ ಸೂರ್ಯಾಸ್ತಕ್ಕೆ ಎಂಟು ನಿಮಿಷ ಮೊದಲೇ ಅವನು ಏರಿಯ ಮಟ್ಟಕ್ಕೆ ಬಂದಿರುತ್ತಾನೆ. ಏರಿಯನ್ನು ಮುಟ್ಟಿದ ಸೂರ್ಯ ಪೂರ್ತಿ ಮರೆಯಾಗಲು ಎರಡೂಕಾಲು ನಿಮಿಷ ಸಾಕು, ನಡೆಯುವವರಿಗೆ ಎಲ್ಲಿಂದ ಎಲ್ಲಿಗೆ ಎಂದು ಮೊದಲೇ ಹೇಳಿಟ್ಟಿರಿ. ಅವರು ನಿಮಗೆ ಅಡ್ಡಲಾಗಿ ನಡೆಯಲಿ. ಎರಡು ಕಾಲುಗಳ ನಡುವೆ ಬೆಳಕು ಕಾಣುವ ಗಳಿಗೆಯಲ್ಲಿ ಕ್ಲಿಕ್ ಮಾಡಿದರೆ ಮಾತ್ರ ನಡಿಗೆ ನಡಿಗೆಯಂತೆ ಕಾಣುತ್ತದೆ, ಇಲ್ಲದಿದ್ದರೆ ಕಂಬ ನಿಲ್ಲಿಸಿದಂತೆ ಬರುತ್ತದೆ. ಐಎಸ್‌ಒ 100, ಅಪರ್ಚರ್ ಎಫ್/8, ಶಟರ್ 1/1000 ಇಟ್ಟು ಶುರುಮಾಡಿ. ಫೋಕಸ್ ಸೂರ್ಯನ ಮೇಲೆ ಬೇಡ, ಏರಿಯ ಅಂಚಿನ ಮೇಲೆ ಮಾಡಿ ಲಾಕ್ ಮಾಡಿ.

ನಿನ್ನೆ ನೋಡಿಟ್ಟ ಜಾಗ ಇವತ್ತಿಗೆ ಸರಿಹೊಂದುವುದಿಲ್ಲ. ಮಾರ್ಚ್, ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗಿದರೆ, ಜೂನ್ ಕೊನೆಯಲ್ಲಿ ಅಲ್ಲಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಮಾರ್ಚಿನಲ್ಲಿ ದಿನಕ್ಕೆ ಸುಮಾರು 0.4 ಡಿಗ್ರಿ ಸರಿಯುವುದರಿಂದ ನೀವೂ ಪ್ರತಿ ಸಂಜೆ ಒಂದೂಕಾಲು ಮೀಟರಿನಷ್ಟು ಪಕ್ಕಕ್ಕೆ ಸರಿಯಬೇಕಾಗುತ್ತದೆ.

ಒಂದು ಮಾತು ದಯವಿಟ್ಟು ನೆನಪಿಡಿ. ಡಿಎಸ್‌ಎಲ್‌ಆರ್‌ನ ಕಿಂಡಿಯಿಂದ ಟೆಲಿ ಲೆನ್ಸ್ ಮೂಲಕ ಸೂರ್ಯನನ್ನು ನೋಡಲೇಬೇಡಿ, ಕಣ್ಣು ಹೋದೀತು. ಹಿಂದಿನ ಪರದೆಯಲ್ಲಿ ಲೈವ್ ವ್ಯೂ ಹಾಕಿಕೊಳ್ಳಿ. ಕ್ಲಿಕ್ ಮಾಡದ ಹೊತ್ತಿನಲ್ಲಿ ಲೆನ್ಸಿಗೆ ಮುಚ್ಚಳ ಇರಲಿ, ಸೆನ್ಸರೂ ಸುಡುತ್ತದೆ.

ಪ್ರಶ್ನೆ: ಮೋಡವಿರುವ ಸಂಜೆ ಒಳ್ಳೆಯದೋ, ಇಲ್ಲದ ಸಂಜೆಯೋ? (ಹುಬ್ಬಳ್ಳಿ)

ನೆತ್ತಿಯ ಮೇಲೆ ಹತ್ತಿ ಎಳೆದಂತಹ ಎತ್ತರದ ಮೋಡವಿರಬೇಕು, ಪಶ್ಚಿಮದ ಅಂಚು ಮಾತ್ರ ತೆರೆದಿರಬೇಕು. ಆ ಅಂಚಿನಲ್ಲಿ ದಟ್ಟ ಮೋಡ ಅಡ್ಡ ನಿಂತರೆ ಬೆಳಕು ಒಳಗೆ ಬರುವುದೇ ಇಲ್ಲ. ಮಳೆ ಬಂದು ಬಿಟ್ಟ ಸಂಜೆ ಗಾಳಿಯ ಧೂಳು ತೊಳೆದಿರುವುದರಿಂದ ಬಣ್ಣ ಚೊಕ್ಕವಾಗಿರುತ್ತದೆ. ಬೇಸಿಗೆಯ ಧೂಳಿನಲ್ಲಿ ಆಕಾಶ ಬೂದಿಯಾಗುತ್ತದೆ, ಆದರೆ ಸೂರ್ಯನ ಹೊಳಪು ತಗ್ಗುವುದರಿಂದ ಮೇಲೆ ಹೇಳಿದ ಏರಿಯ ಫೋಟೊಗೆ ಆ ದಿನಗಳೇ ಚೆನ್ನ.

ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ. ಎತ್ತರದ ಮೋಡಕ್ಕೆ ಕೆಳಗಿನಿಂದ ಬೆಳಕು ತಾಗಿ ಕೆಂಪೇರುವುದು ಆಮೇಲಿನ ಹತ್ತು ಹದಿನೈದು ನಿಮಿಷಗಳಲ್ಲಿ. ಆಗ ಟ್ರೈಪಾಡ್ ಬೇಕೇಬೇಕು.

ಪ್ರಶ್ನೆ: ಮರವಂತೆಯಲ್ಲಿ ಸೂರ್ಯೋದಯ ತೆಗೆಯಬಹುದೇ? (ಕುಂದಾಪುರ)

ಖಂಡಿತ. ಹೆದ್ದಾರಿ 66ರ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಬೆಳಿಗ್ಗೆ ನದಿಯ ಕಡೆ ತಿರುಗಿ. ಘಟ್ಟದ ಸಾಲು ದಿಗಂತದಿಂದ 2 ಡಿಗ್ರಿ ಮೇಲಿದ್ದರೆ ಸೂರ್ಯ ಎಂಟು ನಿಮಿಷ ತಡವಾಗಿ, ಆಗಲೇ ಪ್ರಖರವಾಗಿ ಬರುತ್ತಾನೆ. ಆದ್ದರಿಂದ ಬಿಂಬಕ್ಕಾಗಿ ಕಾಯದೆ, ಅವನು ಕಾಣುವುದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ನೀರಿನ ಮೇಲಿನ ಮಂಜು, ದೋಣಿ, ತೆಂಗಿನ ಸಾಲುಗಳನ್ನು ತೆಗೆಯಿರಿ.

ಪ್ರಶ್ನೆ: ಫೋಟೊದಲ್ಲಿ ಹಸಿರು ಚುಕ್ಕೆಗಳು ಬರುತ್ತವೆ. ಲೆನ್ಸ್ ಹಾಳಾಗಿದೆಯೇ? (ಮೈಸೂರು)

ಇಲ್ಲ. ಬೆಳಕು ಲೆನ್ಸಿನ ಗಾಜುಗಳ ನಡುವೆ ಪುಟಿದು ಬರುವ ಚುಕ್ಕೆಗಳವು. ಸಾಮಾನ್ಯವಾಗಿ ಚೌಕಟ್ಟಿನ ನಡುಬಿಂದುವಿನಿಂದ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಕೂರುತ್ತವೆ. ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ, ಅರ್ಧ ತೊಂದರೆ ಹೋಗುತ್ತದೆ. ಉಳಿದದ್ದಕ್ಕೆ ಸೂರ್ಯನನ್ನು ಮರದ ಕೊಂಬೆಯ ಹಿಂದೆ ಅರ್ಧ ಮರೆಮಾಡಿ. ಮೊಬೈಲಿನಲ್ಲಿ ಉದ್ದನೆಯ ಬೆಳಕಿನ ಗೀರು ಬಂದರೆ ಅದು ಬೆರಳಿನ ಜಿಡ್ಡು, ಮೆತ್ತನೆಯ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಮಲ್ಪೆಯಲ್ಲಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಯಿತು. ಒರೆಸಿದರೂ ಮತ್ತೆ ಬಂತು. (ಉಡುಪಿ)

ಎಸಿಯಲ್ಲಿ ತಣ್ಣಗಾದ ಗಾಜಿಗೆ ಕಡಲ ತೇವದ ಗಾಳಿ ತಾಗಿ ಆದ ಹನಿಗಳು. ಗಾಜು ಬೆಚ್ಚಗಾಗುವ ತನಕ ಒರೆಸಿದಷ್ಟೂ ಬರುತ್ತದೆ. ಕಡಲು ತಲುಪುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ, ಕಿಟಕಿ ಇಳಿಸಿ. ಕ್ಯಾಮೆರಾ ಚೀಲದೊಳಗೇ ಇದ್ದು ನಿಧಾನವಾಗಿ ಬೆಚ್ಚಗಾಗಲಿ. ಮಂಜು ಕಟ್ಟಿರುವಾಗ ಹೊರಗೆ ಲೆನ್ಸ್ ಬದಲಿಸಬೇಡಿ, ತೇವ ಸೆನ್ಸರಿನ ಮೇಲೆ ಕೂರುತ್ತದೆ. ಮನೆಗೆ ಬಂದ ಮೇಲೆ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪು, ಮರಳು ಉಳಿದರೆ ಮುಂದಿನ ಸಲ ಕಾಲುಗಳ ತಿರುಪು ತಿರುಗುವುದಿಲ್ಲ.