ಮುಳ್ಳಯ್ಯನಗಿರಿ ಹತ್ತಿದ ಕಾಲು ಲೇಹ್‌ನಲ್ಲಿ ನಡೆಯುತ್ತಾ?

ನಿಮ್ಮ ಪ್ರಶ್ನೆ ಇಷ್ಟು ತಾನೇ, ಚಿಕ್ಕಮಗಳೂರಿನವರು, ಸರ್ಪದಾರಿ, ಎತ್ತಿನಭುಜ ಎಲ್ಲ ಹತ್ತಿ ರೂಢಿ ಇದೆ, ಆಗಸ್ಟಲ್ಲಿ ಎಂಟು ದಿನ ಒಬ್ಬರೇ ಬ್ಯಾಗ್ ಹಾಕ್ಕೊಂಡು ಲಡಾಖಿನ ಲೇಹ್‌ಗೆ ಹೊರಟಿದೀರಿ, ಅಲ್ಲಿ ಏನೇನು ಮಾಡ್ಬೋದು, ಈ ಫಿಟ್ನೆಸ್ ಸಾಕಾ ಅಂತ. ನಾನೂ ಇದೇ ಊರಿನವನು, ಇದೇ ಧಿಮಾಕು ಇಟ್ಕೊಂಡೇ ಹೋಗಿದ್ದೆ, ಅದಕ್ಕೇ ಹೇಳ್ತಿದೀನಿ.

ಕಾಲು ಸಾಕು, ಉಸಿರು ಸಾಲಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕಕ್ಕೇ ಎತ್ತರ ಅಂತ ಮೀಸೆ ತಿರುವ್ತೀವಿ, ಲೇಹ್ ಪೇಟೆ ಇರೋದೇ 3,500ರಲ್ಲಿ. ಗಿರಿ ತುದಿ ಮೇಲೆ ಇನ್ನೊಂದು ಮುಕ್ಕಾಲು ಗಿರಿ ಇಟ್ಟು ಅದರ ಮೇಲೆ ಬಸ್‌ಸ್ಟ್ಯಾಂಡ್ ಕಟ್ಟಿದ ಹಂಗೆ. ಗಾಳಿ ಒತ್ತಡ ಸಮುದ್ರಮಟ್ಟದಲ್ಲಿ ಇರೋದರ ಮೂರನೇ ಎರಡು ಭಾಗದಷ್ಟೇ, ಒಂದೊಂದು ಉಸಿರಿಗೆ ಸಿಗೋ ಆಕ್ಸಿಜನ್ನೂ ಅಷ್ಟೇ. ದಿನಾ ಓಡೋನು, ಕೂತೇ ಇರೋನು ಅಂತ ಭೇದ ಮಾಡಲ್ಲ ಅದು.

ನಾನು ಮಾಡಿದ್ದು ಕೇಳಿ. ಬೆಳಗ್ಗೆ ಡೆಲ್ಲಿಯಿಂದ ಫ್ಲೈಟಲ್ಲಿ ಇಳಿದೆ, ಏನೂ ಆಗ್ಲಿಲ್ಲ, ಸಂಜೆ ಶಾಂತಿ ಸ್ತೂಪದ ಐನೂರು ಚಿಲ್ರೆ ಮೆಟ್ಟಿಲು, ಸರ್ಪದಾರಿ ಮುಂದೆ ಇದ್ಯಾವ ಲೆಕ್ಕ ಅಂತ ಒಂದೇ ದಮ್ಮಿಗೆ ಹತ್ತಿಬಿಟ್ಟೆ. ರಾತ್ರಿ ಹತ್ತಕ್ಕೆ ತಲೆ ಒಳಗಿಂದ ಯಾರೋ ಒನಕೆಯಲ್ಲಿ ಕುಟ್ತಿರೋ ಹಂಗೆ ಶುರುವಾಯ್ತು, ಎರಡು ಸಲ ವಾಂತಿ, ಮಾರನೇ ದಿನ ಪೂರ್ತಿ ಹಾಸಿಗೆ. ಹೋಮ್‌ಸ್ಟೇ ಅಜ್ಜಿ ಬಂದು ನನ್ನ ಮುಖ ನೋಡಿ ನಕ್ಕು ಬಿಸಿನೀರಿನ ಫ್ಲಾಸ್ಕ್ ಇಟ್ಟು ಹೋದ್ರು. ಮಲಗಿದ್ದಲ್ಲೇ ಬ್ಯಾಗ್ ಬಿಚ್ಚಿ ನೋಡ್ತೀನಿ, ಮನೆಯಿಂದ ತಂದಿದ್ದ ಚಟ್ನಿಪುಡಿ, ಕಾಫಿಪುಡಿ ಪ್ಯಾಕೆಟ್ಟೆಲ್ಲ ಬಲೂನ್ ತರ ಊದ್ಕೊಂಡು ಕೂತಿವೆ, ಕಾಫಿದು ಕತ್ತರಿಸಿದ ತಕ್ಷಣ ಬುಸ್ ಅಂತ ಅರ್ಧ ಪುಡಿ ರಜಾಯಿ ಮೇಲೆ. ಉಳಿದಿದ್ದರಲ್ಲಿ ಫಿಲ್ಟರ್ ಹಾಕಿದ್ರೆ ಡಿಕಾಕ್ಷನ್ ಸಪ್ಪೆ, ಯಾಕಂದ್ರೆ ಅಲ್ಲಿ ನೀರು 88 ಡಿಗ್ರಿ ಹತ್ತಿರಾನೇ ಕುದ್ದುಬಿಡತ್ತೆ. ಬಾಬಾಬುಡನ್‌ಗಿರಿ ಊರಿನವನಿಗೆ ತಲೆನೋವಿಗಿಂತ ಇದೇ ಬೇಜಾರು.

ಹಂಗಾಗಿ ಮೊದಲ ಎರಡು ದಿನ ಬರೀ ನೀರು ಕುಡಿದು ಬಿದ್ಕೊಳಿ, ಎಣ್ಣೆ ಮುಟ್ಲೇಬೇಡಿ, ಹೆಚ್ಚಂದ್ರೆ ಪೇಟೆ ಬೀದಿ. ಎತ್ತರಕ್ಕೆ ಬರೋ ಈ ಕಾಯಿಲೆ ತಡೆಯೋ ಡಯಾಮಾಕ್ಸ್ ಮಾತ್ರೆ ಹೊರಡೋ ಮುಂಚೆ ಡಾಕ್ಟರನ್ನ ಕೇಳೇ ತಗೊಳಿ, ಸಲ್ಫಾ ಅಲರ್ಜಿ ಇದ್ರೆ ಮೊದಲೇ ಹೇಳಿ. ನಡೆಯುವಾಗ ತೂರಾಡೋದು, ಕೂತಲ್ಲೇ ಏದುಸಿರು ಬಂದ್ರೆ ಸೀದಾ ಆಸ್ಪತ್ರೆ, ಅಲ್ಲಿಂದ ಕೆಳಗೆ. ಟೈಮ್ ಇದ್ರೆ ಶ್ರೀನಗರದಿಂದ ಬಸ್ಸಲ್ಲಿ ಹೋಗಿ, ಕಾರ್ಗಿಲ್‌ನಲ್ಲಿ ಒಂದು ರಾತ್ರಿ, ಮೈ ನಿಧಾನಕ್ಕೆ ಒಗ್ಗತ್ತೆ, ಆದ್ರೆ ಎಂಟೇ ದಿನ ಅಂದ್ರೆ ಕಷ್ಟ.

ಮೂರನೇ ದಿನ ಲೇಹ್ ಅರಮನೆ, ಒಂಬತ್ತು ಅಂತಸ್ತು, 17ನೇ ಶತಮಾನದಲ್ಲಿ ಲಡಾಖಿನ ರಾಜ ಸೆಂಗೆ ನಮ್ಗ್ಯಾಲ್ ಕಟ್ಟಿಸಿದ್ದು, ಒಳಗಿಗಿಂತ ಮೇಲಿನಿಂದ ಕಾಣೋ ಊರೇ ಚೆನ್ನ. ಥಿಕ್ಸೆ ಮಠಕ್ಕೆ ಬೆಳಗ್ಗೆ ಬೇಗ ಹೋದ್ರೆ ಪ್ರಾರ್ಥನೆ ಸಿಗತ್ತೆ, ಎರಡಂತಸ್ತಿನೆತ್ತರದ ಮೈತ್ರೇಯ ಬುದ್ಧ ಅಲ್ಲೇ. ಆಮೇಲೆ ನಿಮ್ಮಂಥೋರಿಗೆ ನಾನು ಹೇಳೋದು ಶಾಮ್ ಕಣಿವೆ ಟ್ರೆಕ್, ಲಿಕಿರ್‌ನಿಂದ ತೆಮಿಸ್‌ಗಾಮ್, ಮೂರು ದಿನ, ಪ್ರತಿ ರಾತ್ರಿ ಹಳ್ಳಿ ಮನೆ, ದಾರೀಲಿ ಬೆಟ್ಟ ದಾಟೋ ಯಾವ ಪಾಸೂ 4,000 ಮೀಟರ್ ಮೀರಲ್ಲ. ಬೇಬಿ ಟ್ರೆಕ್ ಅಂತ ಆಡ್ಕೋತಾರೆ, ಆಡ್ಕೊಳ್ಳಲಿ. ಒಂದೇ ಒಂದು ಇಂಬಳ ಇಲ್ಲ ಸ್ವಾಮಿ, ಆಗಸ್ಟಲ್ಲಿ! ವರ್ಷಕ್ಕೆ ಬೀಳೋ ಮಳೆನೇ 100 ಮಿಲಿಮೀಟರ್ ಆಸುಪಾಸು, ನಮ್ಮ ಮೂಡಿಗೆರೆ ಕಡೆ ಜೋರು ಹಿಡಿದ್ರೆ ಒಂದೇ ದಿನಕ್ಕೆ ಅಷ್ಟು. ತುಟಿ ಒಡೆಯತ್ತೆ, ಮೂಗಲ್ಲಿ ರಕ್ತ ಬರ್ಬೋದು, ವ್ಯಾಸಲೀನ್ ಇಟ್ಕೊಳಿ.

ನಿಮ್ಮುವಿನಲ್ಲಿ ಝಂಸ್ಕಾರ್ ನದಿ ಸಿಂಧೂಗೆ ಸೇರೋ ಸಂಗಮ ಇದೆ, ಚಿಲ್ಲಿಂಗ್‌ನಿಂದ ಅಲ್ಲಿಗೆ ರಾಫ್ಟಿಂಗ್ ಮಾಡಿ, ಭದ್ರಾ ನೀರು ಅನ್ಕೊಂಡು ಕೈ ಅದ್ದಿದ್ರೆ ಬೆರಳು ಸೆಟೆದುಹೋಗತ್ತೆ. ಖರ್ದುಂಗ್ ಲಾ ಅನ್ನೋ ಪಾಸ್ ಕೊನೆಗಿಟ್ಕೊಳಿ, 5,359 ಮೀಟರ್, ಹಳೇ ಬೋರ್ಡುಗಳಲ್ಲಿ ಇನ್ನೂ ಜಾಸ್ತಿ ಬರೆದಿರ್ತಾರೆ, ನಂಬಬೇಡಿ. ಗಾಡೀಲಿ ಮೇಲೆ ಬಿಟ್ಟು ಸೈಕಲ್ ಕೊಡ್ತಾರೆ, 40 ಕಿಲೋಮೀಟರ್ ಹತ್ತಿರ ಬರೀ ಇಳಿಜಾರು, ಕೈಮರ ಇಳಿದು ಅಭ್ಯಾಸ ಇದ್ರೂ ಬ್ರೇಕ್ ಮೊದಲು ನೋಡ್ಕೊಳಿ, ಮೇಲೆ ಕಾಲು ಗಂಟೆಗಿಂತ ಜಾಸ್ತಿ ಫೋಟೋ ತೆಗೀತಾ ನಿಲ್ಲಬೇಡಿ.

ಮತ್ತೆ, ಇಲ್ಲಿಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಮಾಡಿಸ್ಕೊಳಿ, ಇಲ್ಲಾಂದ್ರೆ ಮನೇಲಿ ಅಮ್ಮ ಎರಡು ದಿನ ಊಟ ಬಿಡ್ತಾರೆ, ನಮ್ಮನೇಲಿ ಆಗಿದ್ದು ಅದೇ. ಕಾಫಿಪುಡಿ ಡಬ್ಬಿಗೆ ಹಾಕ್ಕೊಂಡು ಹೋಗಿ.