ಚರ್ಮದ ಕೈಕೆಲಸ ನಂಬಿ ಬದುಕು ಕಟ್ಟಿಕೊಳ್ಳಬಹುದಾ?

ತಂಗಿ, ನೀವು ಬರೆದದ್ದು ಇಷ್ಟು: ಗಾರ್ಮೆಂಟ್ಸ್ ಕೆಲಸ ಹೋಯಿತು, ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಿದ್ದೀರಿ, ಹೊಲಿಗೆ ಚೆನ್ನಾಗಿ ಬರುತ್ತದೆ. ಚರ್ಮದ ಚಪ್ಪಲಿ, ಚೀಲ ಕೈಯಲ್ಲೇ ಮಾಡುವುದನ್ನು ಕಲಿತರೆ ಮನೆ ನಡೆಯುತ್ತದಾ? ಮನೆಯವರು ಬೇಡ ಅಂತಾರೆ, ಏನು ಮಾಡಲಿ?

ಮನೆ ನಡೆಯುತ್ತದೆ. ನನ್ನದು ನಡೆದಿದೆ. ಆದರೆ ಕೆಲಸ ಕಲಿತ ಮಾತ್ರಕ್ಕೆ ನಡೆಯಲಿಲ್ಲ. ಕೆಲಸ ಮೊದಲಿಂದಲೂ ಬರುತ್ತಿತ್ತು. ಮಾಡಿದ ಜೋಡಿಗೆ ಬೆಲೆ ಹೇಳುವವರು ಯಾರು ಅನ್ನುವುದು ಬದಲಾದ ಮೇಲೆ ನಡೆಯಿತು.

ನಾನು ಬೆಳಗಾವಿ ಜಿಲ್ಲೆಯ ಅಥಣಿಯವಳು, ತಲೆಮಾರುಗಳಿಂದ ಚಪ್ಪಲಿ ಹೊಲಿಯುವ ಸಮಗಾರರ ಮನೆಯವಳು. ನೀವು ಅಂಗಡಿಯಲ್ಲಿ ಕೊಲ್ಹಾಪುರಿ ಅಂತ ಕೊಳ್ಳುವ ಚಪ್ಪಲಿಯಲ್ಲಿ ಎಷ್ಟೋ ನಮ್ಮ ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಮನೆಗಳಲ್ಲೇ ಆಗುತ್ತವೆ. ಗಂಡಸರು ತೊಗಲು ಕೊಯ್ದು ತಳ ಮಾಡುತ್ತಾರೆ. ಪಟ್ಟಿ ಹೆಣೆಯುವುದು, ಹೊಲಿಯುವುದು, ಗೊಂಡೆ ಕಟ್ಟುವುದು ಹೆಂಗಸರ ಪಾಲು. ಅಡುಗೆ ಮುಗಿಸಿ ಕೂತರೆ ಕತ್ತಲಾಗುವವರೆಗೆ ಹೆಣೆಯುತ್ತಿದ್ದೆ. ತೊಗಲು ವ್ಯಾಪಾರಿಯದು. ಅದರ ದುಡ್ಡನ್ನು ಮುಂಗಡದ ಲೆಕ್ಕಕ್ಕೆ ಬರೆಯುತ್ತಿದ್ದ. ಮಾಲು ಒಯ್ಯುವಾಗ ದರವನ್ನೂ ಅವನೇ ಹೇಳುತ್ತಿದ್ದ. ಹೀಗಿದ್ದರೆ ಮುಂಗಡ ಎಲ್ಲಿ ತೀರಬೇಕು? ಯಜಮಾನರು ತೀರಿಕೊಂಡಾಗ ಮಕ್ಕಳು ಚಿಕ್ಕವು, ಸಾಲ ದೊಡ್ಡದು.

ಆಗ ನನ್ನನ್ನು ಎತ್ತಿ ನಿಲ್ಲಿಸಿದ್ದು ಹೆಣ್ಣುಮಕ್ಕಳ ಸ್ವಸಹಾಯ ಗುಂಪು. ನಮ್ಮೂರಿಗೆ ಇದು ಹೊಸದೇನಲ್ಲ. ಅಥಣಿಯ ಹೆಂಗಸರು ಇಂಥ ಗುಂಪುಗಳಾಗಿ ಸೇರಿ ಟೋಹೋಲ್ಡ್ ಅನ್ನುವ ಹೆಸರಿನಲ್ಲಿ ಹೊರದೇಶಕ್ಕೆ ಚಪ್ಪಲಿ ಕಳಿಸಿದ್ದನ್ನು ನೋಡಿದ್ದೆವು. ನಮ್ಮ ಗುಂಪು ಸಣ್ಣದು. ಉಳಿತಾಯದ ದುಡ್ಡಿನಿಂದ ತೊಗಲನ್ನು ನಾವೇ ಒಟ್ಟಿಗೆ ಕೊಂಡೆವು. ನಾನು ರಂಪಿಗೆ, ಅಂದರೆ ತೊಗಲು ಕೊಯ್ಯುವ ಸಲಕರಣೆ, ಹಿಡಿದು ಕೊಯ್ಯುವುದನ್ನು ಕಲಿತೆ. ಅದು ಗಂಡಸರ ಕೆಲಸ ಅಂತ ನಮ್ಮ ಕೈಗೆ ಯಾರೂ ಕೊಟ್ಟೇ ಇರಲಿಲ್ಲ. ಕೊಯ್ಯುವುದು ಬಂದ ಮೇಲೆ ತಳದಿಂದ ಗೊಂಡೆಯವರೆಗೆ ಪೂರ್ತಿ ಜೋಡಿ ನನ್ನದಾಯಿತು. ಅದಕ್ಕೇ ಹೇಳುತ್ತೇನೆ, ಅರ್ಧ ಕೆಲಸ ಕಲಿಯಬೇಡಿ. ಅರ್ಧ ಕಲಿತವರಿಗೆ ಸಿಗುವುದು ಕೂಲಿ ಮಾತ್ರ.

ಇನ್ನು ತೊಗಲಿನ ವಿಷಯ. ಇದನ್ನು ಸಮಾಧಾನದಿಂದ ಓದಿ. ಕೊಲ್ಹಾಪುರಿಗೆ ಬೇಕಾದ್ದು ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿದ ನೀರು ಅದರ ಮದ್ದು. ತೊಗಲನ್ನೇ ಚೀಲದ ಹಾಗೆ ಹೊಲಿದು, ಆ ನೀರು ತುಂಬಿಸಿ ನೇತುಹಾಕುತ್ತಾರೆ. ನೀರು ಒಳಗಿಂದ ಇಳಿಯುತ್ತಾ ತೊಗಲನ್ನು ಹದಕ್ಕೆ ತರುತ್ತದೆ. ಈ ಕೆಲಸಕ್ಕೆ ನೀವು ಕೈ ಹಾಕಬೇಡಿ, ಅದು ಬೇರೆಯವರ ಕಸುಬು. ಹದವಾದದ್ದನ್ನು ಕೊಳ್ಳಿ, ಆದರೆ ನೋಡಿ ಕೊಳ್ಳಿ. ಅಂಚನ್ನು ಸ್ವಲ್ಪ ಕೊಯ್ಯಿಸಿ. ಒಳಗೂ ಹೊರಗೂ ಒಂದೇ ಕಂದು ಬಣ್ಣ ಇದ್ದರೆ ಅದು ತೊಗಟೆಯ ಹದ. ನಡುವೆ ನೀಲಿ ಬೂದು ಗೆರೆ ಕಂಡರೆ ಕ್ರೋಮ್ ಹದ, ಅಂದರೆ ರಾಸಾಯನಿಕ ಹಾಕಿ ಮಾಡಿದ್ದು, ಚೀಲಕ್ಕೆ ಆದೀತು, ನಮ್ಮ ಚಪ್ಪಲಿಗೆ ಬೇಡ. ಮೇಲೆ ಒಂದು ಹನಿ ನೀರು ಬಿಡಿ. ತೊಗಟೆ ಹದದ ತೊಗಲು ಕುಡಿದು ಕಪ್ಪಾಗುತ್ತದೆ, ರೆಕ್ಸಿನ್ ಮೇಲೆ ಹನಿ ಜಾರಿ ಹೋಗುತ್ತದೆ. ತಳಕ್ಕೆ ಎಮ್ಮೆ ತೊಗಲು, ಹೆಣೆಯುವ ಪಟ್ಟಿಗೆ ಮೇಕೆಯ ತೆಳು ತೊಗಲು.

ನಿಮಗೆ ಹೊಲಿಗೆ ಬರುತ್ತದೆ ಅಂದಿರಲ್ಲ, ಅದು ದೊಡ್ಡ ಆಸರೆ. ಒಂದೇ ಒಂದು ವ್ಯತ್ಯಾಸ. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ತೊಗಲಿಗೆ ತೂತು ಬಿದ್ದರೆ ಬಿದ್ದ ಹಾಗೇ. ಹಾಗಾಗಿ ಮೊದಲು ಗುರುತು ಹಾಕುತ್ತೇವೆ, ಆಮೇಲೆ ಆರೆ ಅನ್ನುವ ಚೂಪು ಸಲಕರಣೆಯಿಂದ ಚುಚ್ಚುತ್ತೇವೆ, ಆಮೇಲೆ ತೊಗಲಿನ ಸಣ್ಣ ಬಾರನ್ನು ಒದ್ದೆ ಮಾಡಿ ಎಳೆಯುತ್ತೇವೆ. ಒದ್ದೆ ಬಾರು ಒಣಗುವಾಗ ಬಿಗಿದು ತಳವನ್ನು ಕಚ್ಚಿ ಹಿಡಿಯುತ್ತದೆ. ಮೊಳೆ ಹೊಡೆಯುವ ಮಾತೇ ಇಲ್ಲ. ಹೊಲಿಗೆ ಮುಗಿದ ಮೇಲೆ ಬೆರಳಿನಿಂದ ಅಂಚನ್ನು ಸವರಿ ನೋಡಿ. ಎಲ್ಲಿ ಬೆರಳು ತಡೆಯುತ್ತದೋ ಅಲ್ಲಿ ನಾಳೆ ಹಾಕಿಕೊಂಡವರ ಕಾಲು ಕಚ್ಚುತ್ತದೆ. ಇಷ್ಟು ನೋಡಿ ಕೊಟ್ಟರೆ ಕೊಂಡವರು ಮತ್ತೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

ಈಗ ಬೆಲೆ. ಒಂದು ನೋಟ್‌ಬುಕ್ ಇಡಿ. ಮೊದಲ ಸಾಲಿನಲ್ಲಿ ನಿಮ್ಮ ದಿನದ ಕೂಲಿ ಬರೆಯಿರಿ, ಕೊನೆಯ ಸಾಲಿನಲ್ಲಿ ಅಲ್ಲ. ತೊಗಲು, ಅಂಟು, ಬಣ್ಣ, ಎಣ್ಣೆ, ಪಾರ್ಸೆಲ್ ಎಲ್ಲಾ ಅದರ ಕೆಳಗೆ. ಉಳಿದರೆ ಕೂಲಿ ಅಂದುಕೊಂಡರೆ ಕೂಲಿ ಉಳಿಯುವುದೇ ಇಲ್ಲ, ನಮ್ಮ ಓಣಿಯಲ್ಲಿ ತಲೆಮಾರುಗಳಿಂದ ನಡೆದದ್ದು ಇದೇ. ಹಾಕಿಕೊಳ್ಳುವವರಿಗೇ ನೇರ ಮಾರಿ. ಮೇಳಗಳಲ್ಲಿ ಸ್ಟಾಲ್ ಹಾಕಿ, ವಾಟ್ಸಾಪ್‌ನಲ್ಲಿ ಕಾಲಿನ ಅಳತೆ ತರಿಸಿಕೊಳ್ಳಿ. ಹಾಳೆಯ ಮೇಲೆ ಪಾದ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಫೋಟೋ ಕಳಿಸಿ, ಉದ್ದ ಅಗಲ ಸ್ಕೇಲ್ ಇಟ್ಟು ಬರೆಯಿರಿ ಅಂತ ಹೇಳುತ್ತೇನೆ, ಸರಿಯಾಗಿ ಕೂರುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಅದೂ ನಮ್ಮಂಥವರಿಗೆ ಅನುಕೂಲ.

ಪ್ರಾಡಾ ಸುದ್ದಿ ನೀವೂ ಕೇಳಿರಬೇಕು. 2025ರ ಜೂನ್‌ನಲ್ಲಿ ಆ ಇಟಲಿ ಕಂಪನಿ ಮಿಲಾನ್‌ನಲ್ಲಿ ನಮ್ಮ ಚಪ್ಪಲಿಯಂಥದ್ದೇ ತೋರಿಸಿತು, ನಮ್ಮ ಹೆಸರು ಹೇಳಲಿಲ್ಲ. ಗಲಾಟೆಯಾದ ಮೇಲೆ ಇದರ ಮೂಲ ಭಾರತದ ಕೈಕೆಲಸ ಅಂತ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ನಮ್ಮ ಕರ್ನಾಟಕದ ಲಿಡ್ಕರ್, ಈ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಆಯಿತು. ಇಲ್ಲಿ 2,000 ಜೋಡಿ ಮಾಡಿಸಿ, ಜೋಡಿಗೆ ಸುಮಾರು 800 ಯೂರೋದಂತೆ ಮಾರುವ ಮಾತು. ನಮ್ಮ ದುಡ್ಡಿನಲ್ಲಿ 80 ಸಾವಿರಕ್ಕೂ ಜಾಸ್ತಿ. ಕೇಳಿ ನನಗೆ ಸಂತೋಷವೇ ಆಯಿತು. ನಮ್ಮ ಕೆಲಸಕ್ಕೆ ಅಷ್ಟು ಕೊಡುವವರಿದ್ದಾರೆ ಅಂತ ಲೋಕಕ್ಕೆ ಗೊತ್ತಾಯಿತು. ಅದರಲ್ಲಿ ಹೊಲಿದವರ ಕೈಗೆ ಎಷ್ಟು ಬರುತ್ತದೆ ಅನ್ನುವುದನ್ನು ನಾವು ಕೇಳುತ್ತಲೇ ಇರಬೇಕು. ಒಂದು ಕಡೆಯ ವಸ್ತುವನ್ನು ಆ ಹೆಸರಿನಲ್ಲಿ ಆ ಕಡೆಯವರೇ ಮಾರಬೇಕು ಅನ್ನುವ ಗುರುತಿಗೆ ಜಿಐ ಅನ್ನುತ್ತಾರೆ. ಕೊಲ್ಹಾಪುರಿಗೆ 2018ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ನಿಮ್ಮ ಊರು ಈ ಜಿಲ್ಲೆಗಳಲ್ಲಿ ಇಲ್ಲದಿದ್ದರೆ ಕೊಲ್ಹಾಪುರಿ ಅಂತ ಹೆಸರು ಹಾಕಿ ಮಾರಬೇಡಿ. ನಿಮ್ಮದೇ ಹೆಸರಿಡಿ.

ಮನೆಯವರು ಬೇಡ ಅನ್ನುವುದು ಯಾಕೆ ಅಂತ ನೀವು ಬರೆದಿಲ್ಲ, ಆದರೂ ನನಗೆ ಗೊತ್ತಾಯಿತು. ತೊಗಲು ಮುಟ್ಟುವ ಕೆಲಸ ಅಂತ ತಾನೇ? ನಾವು ಹೊಲಿದ ಚಪ್ಪಲಿ ಹಾಕಿಕೊಂಡು ಮದುವೆಗೆ ಹೋಗುವವರು ನಮ್ಮನ್ನು ಹೊಸ್ತಿಲಾಚೆ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಹರಳಯ್ಯನವರೂ ಡೋಹರ ಕಕ್ಕಯ್ಯನವರೂ ಇದೇ ಕಸುಬಿನಿಂದ ಬಂದು ಕಲ್ಯಾಣದಲ್ಲಿ ಶರಣರಾದವರು. ಇದರಲ್ಲಿ ಕೀಳು ಅನ್ನುವುದು ಏನೂ ಇಲ್ಲ ತಂಗಿ, ಕೀಳಾಗಿ ನೋಡುವ ಕಣ್ಣಿದೆ. ಮನೆಯವರ ಜೊತೆ ಜಗಳ ಬೇಡ. ಒಂದು ಜೋಡಿ ಮಾಡಿ ನಿಮ್ಮ ಮಾವನವರ ಕಾಲಿಗೇ ಮೊದಲು ಹಾಕಿ. ಆದರೆ ಇಷ್ಟು ಮರೆಯಬೇಡಿ. ನಿಮಗೆ ಇದು ಆರಿಸಿಕೊಂಡ ಕೆಲಸ. ಕಲಿಸುವವರಿಗೆ ಇದು ಅವಮಾನ ನುಂಗಿಕೊಂಡು ಉಳಿಸಿದ ಕೆಲಸ. ಅವರಿಗೆ ಗುರುದಕ್ಷಿಣೆ ಸರಿಯಾಗಿ ಕೊಡಿ, ಅವರ ಹೆಸರು ಹೇಳಿ.

ಕಲಿಯಲು ಲಿಡ್ಕರ್‌ನಲ್ಲಿ ತರಬೇತಿ ಯಾವಾಗ ಇದೆ ಅಂತ ವಿಚಾರಿಸಿ. ಕೆಲಸ ಶುರು ಮಾಡಿದ ಮೇಲೆ ಕೈಕಸುಬಿನವರಿಗೆ ಕೇಂದ್ರ ಸರ್ಕಾರ ಮಾಡಿದ ಪಿಎಂ ವಿಶ್ವಕರ್ಮ ಯೋಜನೆಗೆ ಸಿಎಸ್‌ಸಿಯಲ್ಲಿ, ಅಂದರೆ ಸರ್ಕಾರಿ ಅರ್ಜಿ ಹಾಕಿಕೊಡುವ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಹೆಸರು ಬರೆಸಿ. 2023ರಲ್ಲಿ ಬಂದದ್ದು, ಅದರ 18 ಕಸುಬುಗಳಲ್ಲಿ ಚಪ್ಪಲಿ ಮಾಡುವವರೂ ಇದ್ದಾರೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಶೇ. 5ರ ಬಡ್ಡಿಗೆ ಮೊದಲು ಒಂದು ಲಕ್ಷದವರೆಗೆ ಸಾಲ. ಅದನ್ನು ತೀರಿಸಿದರೆ ಮುಂದೆ ಎರಡು ಲಕ್ಷದವರೆಗೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಕೈಯಲ್ಲಿರುವ ದುಡ್ಡನ್ನೆಲ್ಲಾ ಮೊದಲೇ ತೊಗಲಿಗೆ ಹಾಕಬೇಡಿ. ಮಳೆಗಾಲದಲ್ಲಿ ತೊಗಲು ಒಣಗುವುದಿಲ್ಲ, ಬೂಸ್ಟು ಬರುತ್ತದೆ, ಕೊಳ್ಳುವವರೂ ಕಡಿಮೆ. ಆ ತಿಂಗಳುಗಳಿಗೆ ಬ್ಲೌಸ್ ಹೊಲಿಗೆ ಇಟ್ಟುಕೊಳ್ಳಿ. ದೀಪಾವಳಿಯಿಂದ ಮದುವೆ ಸೀಸನ್ ಮುಗಿಯುವವರೆಗೆ ಚಪ್ಪಲಿ ಮಾಡಿ. ಎರಡೂ ಸೇರಿದರೆ ಮೊದಲ ವರ್ಷ ದಾಟುತ್ತೀರಿ. ಯಾವ ಜಿಲ್ಲೆ ಅಂತ ಕೆಳಗೆ ಬರೆಯಿರಿ, ಹತ್ತಿರದಲ್ಲಿ ಒಳ್ಳೆ ತೊಗಲು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಹೇಳುತ್ತೇನೆ.